ಹಳೆಯ ಪುಸ್ತಕ, ಹುಡುಕಿದರೆ ಸಿಗಬೇಕು

ಹಳೆಯ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ, ಪಠ್ಯ ತಿದ್ದಿ, ಉಚಿತ ಆನ್‌ಲೈನ್ ಗ್ರಂಥಾಲಯವಾದ ವಿಕಿಸೋರ್ಸ್‌ಗೆ ಏರಿಸುವ ಕೆಲಸವನ್ನು ಬಿಡುವಾದಾಗಲೆಲ್ಲ ಮಾಡುತ್ತಿರುತ್ತೇನೆ. ಯಾವ ಸ್ಕ್ಯಾನರು, ಎಷ್ಟು ಖರ್ಚು ಅಂತ ಕೇಳುವವರೇ ಜಾಸ್ತಿ. ಆ ಮಾತು ಬೇಗ ಮುಗಿಯುತ್ತದೆ. ಸ್ಕ್ಯಾನ್ ಆದ ಪುಸ್ತಕ ಬರೀ ಫೋಟೋಗಳ ಕಟ್ಟು, ಅದರೊಳಗಿನ ಒಂದು ಪದ ಹುಡುಕಿದರೂ ಸಿಗುವುದಿಲ್ಲ. ಸಿಗುವ ಹಾಗೆ ಮಾಡುವುದೇ ನಿಜವಾದ ಕೆಲಸ.

ಎಲ್ಲಕ್ಕಿಂತ ಮೊದಲು ಹಕ್ಕಿನ ಲೆಕ್ಕ. ನಮ್ಮ ಕಾನೂನಿನ ಪ್ರಕಾರ ಲೇಖಕರು ತೀರಿಕೊಂಡ ಮುಂದಿನ ವರ್ಷದ ಜನವರಿಯಿಂದ 60 ವರ್ಷ ಕಾಪಿರೈಟ್ ಇರುತ್ತದೆ. ಪಂಜೆ ಮಂಗೇಶರಾಯರು ತೀರಿಕೊಂಡದ್ದು 1937ರಲ್ಲಿ, ಅವರ ಬರಹ ಧೈರ್ಯವಾಗಿ ಏರಿಸಬಹುದು. ಬೇಂದ್ರೆಯವರದ್ದು 2041 ಮುಗಿಯುವ ತನಕ ಮುಟ್ಟುವ ಹಾಗಿಲ್ಲ, ಹಕ್ಕಿರುವವರು ಒಪ್ಪಿದರೆ ಬೇರೆ ಮಾತು. ಹಾಳೆ ಹಳದಿಯಾಗಿದೆ, ಅಂಗಡಿಯಲ್ಲಿ ಸಿಗುವುದಿಲ್ಲ ಅನ್ನುವುದೆಲ್ಲ ಲೆಕ್ಕಕ್ಕೆ ಬರುವುದಿಲ್ಲ. ಮುನ್ನುಡಿ ಬರೆದವರು ಬೇರೆಯವರಾಗಿದ್ದರೆ ಅವರದ್ದೂ ನೋಡಬೇಕು.

ಸ್ಕ್ಯಾನಿಗೆ ನನ್ನ ಹತ್ತಿರ ದೊಡ್ಡ ಯಂತ್ರವೇನೂ ಇಲ್ಲ. ಹಳೆಯ ಪುಸ್ತಕವನ್ನು ಪೂರ್ತಿ ಬಿಚ್ಚಿ ಗಾಜಿನ ಮೇಲೆ ಒತ್ತಿದರೆ ಬೆನ್ನು ಬಿಟ್ಟುಕೊಳ್ಳುತ್ತದೆ, ಅದಕ್ಕೇ ಮನೆಯಲ್ಲಿದ್ದ ವ್ಯಾಸಪೀಠದ ಮೇಲೆ ಅರ್ಧ ತೆರೆದು ಇಡುತ್ತೇನೆ. ಬಲಪುಟಗಳನ್ನೆಲ್ಲ ಒಂದು ಸುತ್ತು, ಎಡಪುಟಗಳನ್ನು ಇನ್ನೊಂದು ಸುತ್ತು ಕ್ಯಾಮೆರಾದಲ್ಲಿ ತೆಗೆಯುತ್ತೇನೆ. ಕಿಟಕಿ ಬೆಳಕು ಸಾಕು, ಫ್ಲಾಶ್ ಬೇಡ. ಪುಟ ನೆಟ್ಟಗೆ ಮಾಡಿ ಅಂಚು ಕತ್ತರಿಸುವುದಕ್ಕೆ ಸ್ಕ್ಯಾನ್‌ಟೈಲರ್ ಅನ್ನುವ ಉಚಿತ ತಂತ್ರಾಂಶ ಇದೆ.

ಇನ್ನು ಓಸಿಆರ್, ಅಂದರೆ ಚಿತ್ರದಲ್ಲಿರುವ ಅಕ್ಷರಗಳನ್ನು ಓದಿ ಪಠ್ಯ ಮಾಡಿಕೊಡುವ ತಂತ್ರಾಂಶ. ಇವುಗಳಲ್ಲಿ ಟೆಸರಾಕ್ಟ್‌ಗೆ ಕನ್ನಡ ಬರುತ್ತದೆ, ಗೂಗಲ್‌ನದ್ದಕ್ಕೂ ಬರುತ್ತದೆ. ಹೊಸ ಪುಸ್ತಕ ಕೊಟ್ಟರೆ ಎರಡೂ ಚೆನ್ನಾಗಿಯೇ ಓದುತ್ತವೆ. ಮೊಳೆ ಜೋಡಿಸಿ ಅಚ್ಚು ಹಾಕಿದ ಹಳೆಯ ಪುಸ್ತಕದಲ್ಲಿ ಪಾಡು ಬೇರೆ. ‘ಥ’ದ ಒಳಗಿನ ಚುಕ್ಕೆಗೆ ಮಸಿ ಹತ್ತದಿದ್ದರೆ ಅದು ‘ಧ’ ಆಗುತ್ತದೆ. ‘ಮ’ ಹೋಗಿ ‘ವು’ ಆಗುತ್ತದೆ, ‘ಮರ’ ‘ವುರ’ವಾಗಿ ನಿಲ್ಲುತ್ತದೆ. ಒತ್ತಕ್ಷರ ಕೆಳಗಿನ ಸಾಲಿಗೆ ತಾಗಿದ್ದರಂತೂ ಕೇಳುವುದೇ ಬೇಡ.

ಇವೆಲ್ಲ ಕಣ್ಣಿಗೆ ಬೀಳುವ ತಪ್ಪುಗಳು, ಓದುತ್ತಾ ತಿದ್ದಿಬಿಡಬಹುದು. ಕಾಟ ಕೊಡುವುದು ಕಣ್ಣಿಗೆ ಬೀಳದವು. ಕನ್ನಡದ ಅಂಕಿ ೦ ಮತ್ತು ಅನುಸ್ವಾರ ಪರದೆಯ ಮೇಲೆ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ, ಕಂಪ್ಯೂಟರಿಗೆ ಮಾತ್ರ ಅವೆರಡೂ ಬೇರೆ ಬೇರೆ. ‘ಸ೦ಸಾರ’ ಅಂತ ಅಂಕಿ ಹಾಕಿ ಕೂತಿದ್ದರೆ ಓದುವವರಿಗೆ ಗೊತ್ತೇ ಆಗುವುದಿಲ್ಲ, ಆದರೆ ‘ಸಂಸಾರ’ ಅಂತ ಹುಡುಕಿದವರಿಗೆ ಆ ಪುಟ ಸಿಗುವುದಿಲ್ಲ. ಅರ್ಕಾವತ್ತಿನದ್ದೂ ಇದೇ ಕಥೆ. ಅದು ಒಂಬತ್ತರ ಅಂಕಿಯಾಗಿ ‘ಧರ್ಮ’ ‘ಧಮ೯’ ಆಗುತ್ತದೆ, ‘ಪೂರ್ತಿ’ ‘ಪೂತಿ೯’ ಆಗುತ್ತದೆ. ಇಲ್ಲಿ ೯ ತೆಗೆದು ‘ರ್’ ಹಾಕಿದರೆ ಸಾಲದು, ಅದನ್ನು ಹಿಂದಿನ ಇಡೀ ಅಕ್ಷರದ ಮುಂಚೆ, ಗುಣಿತ ಒತ್ತು ಎಲ್ಲ ದಾಟಿ ತಂದು ಕೂರಿಸಬೇಕು. ಅದಕ್ಕೊಂದು ಚಿಕ್ಕ ಸ್ಕ್ರಿಪ್ಟ್ (ಸಣ್ಣ ಪ್ರೋಗ್ರಾಮ್) ಬರೆದುಕೊಂಡಿದ್ದೇನೆ. ಪಕ್ಕದಲ್ಲಿ ಇನ್ನೊಂದು ಅಂಕಿ ಇದ್ದರೆ ಅದು ಮುಟ್ಟುವುದಿಲ್ಲ, ‘೧೯೦೯’ ಹಾಗೇ ಉಳಿಯುತ್ತದೆ. ಆದರೂ ಎಲ್ಲವನ್ನೂ ಒಂದೇ ಏಟಿಗೆ ಬದಲಿಸಲು ಬಿಡುವುದಿಲ್ಲ, ಒಂದೊಂದನ್ನೂ ತೋರಿಸಿ ಕೇಳುವ ಹಾಗೆ ಇಟ್ಟಿದ್ದೇನೆ. ಯಾಕೆಂದರೆ ಜಾಗ ಬಿಡದೆ ‘ಪುಟ೯’ ಅಂತ ಅಚ್ಚಾಗಿದ್ದರೆ ಸ್ಕ್ರಿಪ್ಟ್ ಅದನ್ನು ‘ಪುರ್ಟ’ ಮಾಡಿ ಕೊಡುತ್ತದೆ!

ಹಳಗನ್ನಡ ಪದ್ಯ ಇರುವ ಪುಸ್ತಕವಾದರೆ ಱ ಮತ್ತು ೞ ಬರುತ್ತವೆ. ಓಸಿಆರ್ ಇವನ್ನು ಬೇರೆ ಅಕ್ಷರ ಅಂದುಕೊಳ್ಳುವುದೇ ಹೆಚ್ಚು, ಕೈಯಲ್ಲೇ ಹಾಕಬೇಕು. (ಕಂಪ್ಯೂಟರಿಗಾಗಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ, ಹೆಸರು ಕೊಡುವ ಯೂನಿಕೋಡ್ ಪಟ್ಟಿಯಲ್ಲಿ ೞ ಅಕ್ಷರಕ್ಕೆ ತಪ್ಪಾಗಿ ‘ಫಾ’ ಅಂತ ಹೆಸರು ಬಿದ್ದಿದೆ. ಒಮ್ಮೆ ಕೊಟ್ಟ ಹೆಸರನ್ನು ಅವರು ಬದಲಿಸುವುದಿಲ್ಲವಂತೆ. ಅಕ್ಷರ ಮಾತ್ರ ಸರಿಯಾಗೇ ಮೂಡುತ್ತದೆ, ಹೆದರಬೇಡಿ.) ಹಳೆಯ ಕಾಗುಣಿತವನ್ನು ಈಗಿನ ರೂಢಿಗೆ ತಿದ್ದಲು ಕೈ ತುರಿಸುತ್ತದೆ. ತಿದ್ದಬಾರದು. ಅಚ್ಚಿನಲ್ಲಿ ಹೇಗಿದೆಯೋ ಹಾಗೇ ಇರಬೇಕು.

ವಿಕಿಸೋರ್ಸ್‌ನಲ್ಲಿ ಒಂದು ಕಡೆ ಪುಟದ ಚಿತ್ರ, ಪಕ್ಕದಲ್ಲೇ ಪಠ್ಯ. ತಿದ್ದದ ಪುಟ ಕೆಂಪು, ಒಬ್ಬರು ತಿದ್ದಿದರೆ ಹಳದಿ, ಇನ್ನೊಬ್ಬರು ಪರಿಶೀಲಿಸಿದರೆ ಹಸಿರು. ನಾನು ತಿದ್ದಿದ್ದನ್ನು ನಾನೇ ಹಸಿರು ಮಾಡುವ ಹಾಗಿಲ್ಲ. ನನಗೆ ಈ ನಿಯಮ ತುಂಬಾ ಇಷ್ಟ. ನಮ್ಮ ಕಡೆ ಹಳದಿ ಮಾಡುವವರು ಹೇಗೋ ಸಿಗುತ್ತಾರೆ, ಹಸಿರು ಮಾಡುವವರದ್ದೇ ಬರ.

ಕೊನೆಗೆ ಪುಸ್ತಕದ ವಿವರ ತುಂಬಬೇಕು. ಸುಮ್ನೆ ಹೆಸರು, ಲೇಖಕ ಅಂತ ಬರೆದು ಮುಗಿಸುವವರಿದ್ದಾರೆ. ನಾನು ಹೆಸರನ್ನು ಕನ್ನಡದಲ್ಲೂ ಇಂಗ್ಲಿಷ್ ಅಕ್ಷರಗಳಲ್ಲೂ ಬರೆಯುತ್ತೇನೆ, ಅಚ್ಚುಕೂಟದ ಹೆಸರು, ಊರು, ಬೆಲೆ ಎಲ್ಲ ಸೇರಿಸುತ್ತೇನೆ. ಬೆಲೆ ಯಾಕೆ ಅಂತೀರಾ? ಹಳೆಯ ಪುಸ್ತಕದ ಒಳಪುಟದಲ್ಲಿ ಎಷ್ಟೋ ಸಲ ಇಸವಿಯೇ ಇರುವುದಿಲ್ಲ, ‘ಪ್ರಭವ ಸಂವತ್ಸರ’ ಅಂತ ಮಾತ್ರ ಇರುತ್ತದೆ. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದಲ್ವಾ, ಹಾಗಾಗಿ ಅದು 1867 ಆಗಬಹುದು, 1927 ಆಗಬಹುದು, 1987 ಕೂಡ ಆಗಬಹುದು. ಬೆಲೆ ಆಣೆಯಲ್ಲಿದ್ದರೆ 1987 ಬಿಟ್ಟುಹೋಯಿತು, ಯಾಕೆಂದರೆ ಆಣೆ ಹೋಗಿ ನಯಾಪೈಸೆ ಬಂದದ್ದು 1957ರಲ್ಲಿ. ಉಳಿದ ಎರಡರಲ್ಲಿ ಯಾವುದು ಅನ್ನುವುದಕ್ಕೆ ಹಿಂಬದಿಯ ಜಾಹೀರಾತು ಪುಟ ನೋಡುತ್ತೇನೆ. ಅದೇ ಪ್ರಕಾಶಕರ ಬೇರೆ ಪುಸ್ತಕಗಳ ಪಟ್ಟಿ ಅಲ್ಲಿರುತ್ತದೆ, ಅವುಗಳಲ್ಲಿ ಒಂದರ ಇಸವಿ ಗೊತ್ತಿದ್ದರೂ ಸಾಕು. ಸ್ಕ್ಯಾನ್ ಮಾಡುವವರು ಮೊದಲು ಬಿಟ್ಟುಬಿಡುವುದು ಇದೇ ಪುಟವನ್ನು. ದಯವಿಟ್ಟು ಬಿಡಬೇಡಿ, ರಟ್ಟಿನಿಂದ ರಟ್ಟಿನ ತನಕ ತೆಗೆಯಿರಿ.