ಹಾರ್ನ್ ಕೂಗದಿದ್ದರೆ ಮೊದಲು ‘ಟಿಕ್’ ಬರುತ್ತಾ ನೋಡಿ

ಮೆಕ್ಕೆಜೋಳದ ಸುಗ್ಗಿಯಲ್ಲಿ ದಾವಣಗೆರೆ ಸುತ್ತಿನ ಹಳ್ಳಿಗಳಲ್ಲಿ ಅರ್ಧ ರಸ್ತೆಗೆ ಜೋಳ ಹರವಿರುತ್ತಾರೆ. ಉಳಿದರ್ಧದಲ್ಲಿ ಕುರಿಮಂದೆ, ಟ್ರ್ಯಾಕ್ಟರ್, ನಾನು. ಗೊಬ್ಬರದಂಗಡಿ ಬಾಕಿ ವಸೂಲಿಗೆ ತಿರುಗುವವನ ಕಾರಿಗೆ ಹಾರ್ನ್ ಬೇಕೇ ಬೇಕು.

ಕೂಗಲಿಲ್ಲ ಅಂತ ತಕ್ಷಣ ಹೊಸದು ತರಬೇಡಿ. ಎಷ್ಟೋ ಸಲ ಹಾರ್ನ್ ಚೆನ್ನಾಗೇ ಇರುತ್ತದೆ, ಅಲ್ಲಿಗೆ ಕರೆಂಟು ಹೋಗುತ್ತಿರುವುದಿಲ್ಲ ಅಷ್ಟೇ.

ಇಂಜಿನ್ ಬೇಡ, ಕೀ ಮಾತ್ರ ಆನ್ ಇರಲಿ. ಮನೆಯವರೊಬ್ಬರನ್ನು ಹಾರ್ನ್ ಒತ್ತಲು ಕೂರಿಸಿ, ನೀವು ಫ್ಯೂಸ್ ಬಾಕ್ಸ್‌ನಲ್ಲಿರುವ ಹಾರ್ನ್ ರಿಲೇ ಮೇಲೆ ಬೆರಳಿಡಿ. ಬಟನ್ ಒತ್ತಿದಾಗ ಹಾರ್ನ್‌ಗೆ ಕರೆಂಟು ಬಿಡುವ ಸಣ್ಣ ಸ್ವಿಚ್ ಡಬ್ಬಿ ಅದು. ಯಾವುದು ಎಲ್ಲಿದೆ ಅಂತ ಮುಚ್ಚಳದ ಒಳಗೆ ಚಿತ್ರ ಇರುತ್ತದೆ. ‘ಟಿಕ್’ ಅಂದರೆ ಸ್ಟೀರಿಂಗ್ ಕಡೆ ಸರಿ ಇದೆ, ತೊಂದರೆ ರಿಲೇಯಿಂದ ಮುಂದಕ್ಕೆ. ಸದ್ದೇ ಇಲ್ಲದಿದ್ದರೆ ಫ್ಯೂಸ್ ತೆಗೆದು ನೋಡಿ. ಸುಟ್ಟಿದ್ದರೆ ಅಷ್ಟೇ ಆಂಪಿಯರ್‌ನದ್ದು ಹಾಕಿ. ದೊಡ್ಡದು ಹಾಕುವುದು, ತಂತಿ ಸುತ್ತುವುದು ಬೇಡವೇ ಬೇಡ, ವೈರಿಂಗೇ ಹೊತ್ತಿಕೊಳ್ಳಬಹುದು. ಹೊಸದೂ ಸುಟ್ಟರೆ ಎಲ್ಲೋ ಶಾರ್ಟ್ ಆಗಿದೆ, ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ. ರಿಲೇ ಮೇಲೆ ಅನುಮಾನವಿದ್ದರೆ ಪಕ್ಕದಲ್ಲಿ ಅದೇ ನಂಬರಿನದ್ದು ಇದ್ದರೆ ಅದಲು ಬದಲು ಮಾಡಿ ನೋಡಿ. ಖರ್ಚಿಲ್ಲದ ಪರೀಕ್ಷೆ.

ಈಗ ಹಾರ್ನ್. ಅದು ಸಾಮಾನ್ಯವಾಗಿ ಮುಂದಿನ ಗ್ರಿಲ್ ಹಿಂದೆ ಇರುತ್ತದೆ, ರಸ್ತೆಯ ಧೂಳು ನೀರೆಲ್ಲ ಅದರ ಮುಖಕ್ಕೇ. ಕನೆಕ್ಟರ್ ಬಿಚ್ಚಿ, ಬ್ಯಾಟರಿಯಿಂದ ಫ್ಯೂಸ್ ಇರುವ ವೈರ್ ಎಳೆದು ಒಂದು ಕ್ಷಣ ಮುಟ್ಟಿಸಿ. ಕೂಗಿತಾ? ಹಾಗಾದರೆ ಹಾರ್ನ್ ಜೀವಂತ. ಕೂಗದಿದ್ದರೆ ಅರ್ತ್ ನೋಡಿ, ಅಂದರೆ ಕರೆಂಟು ವಾಪಸ್ ಹೋಗುವ ದಾರಿ. ಒಂದೇ ವೈರ್ ಬರುವ ಹಾರ್ನ್ ಆದರೆ ಅದು ಹಾರ್ನ್ ಹಿಡಿದಿರುವ ಬೋಲ್ಟ್ ಮೂಲಕವೇ ಕಾರಿನ ಲೋಹದ ಮೈಗೆ ಹೋಗುತ್ತದೆ. ಆ ಬೋಲ್ಟ್ ಬುಡದಲ್ಲಿ ತುಕ್ಕು ಹಿಡಿದರೆ ಮುಗೀತು. ನನ್ನ ಕಾರಿನಲ್ಲಿ ಕಾಟ ಕೊಟ್ಟಿದ್ದೂ ಅದೇ. ಬಿಚ್ಚಿ, ಸ್ಯಾಂಡ್ ಪೇಪರ್‌ನಿಂದ ಲೋಹ ಹೊಳೆಯುವ ತನಕ ಉಜ್ಜಿ, ಬಿಗಿ ಮಾಡಿ, ಮೇಲೆ ಸ್ವಲ್ಪ ವ್ಯಾಸಲಿನ್ ಸವರಿದೆ. ಹಾರ್ನ್ ಬಾಯಿ ಕೆಳಮುಖವಾಗಿದ್ದರೆ ಮಳೆನೀರು ನಿಲ್ಲುವುದಿಲ್ಲ, ಅದನ್ನೂ ನೋಡಿಕೊಳ್ಳಿ.

ದನಿ ಗೊಗ್ಗರಾಗಿದ್ದರೆ ಹಿಂಬದಿಯ ಸಣ್ಣ ಸ್ಕ್ರೂ ನೋಡಿ, ಎಲ್ಲದರಲ್ಲೂ ಇರುವುದಿಲ್ಲ. ಹಾರ್ನ್ ಒಳಗೆ ಕರೆಂಟು ಸೇರಿಸಿ ಕಡಿಯುವ ಪಾಯಿಂಟು ಬಿಟ್ಟು ಹಿಡಿದು ಮಾಡುವುದರಿಂದ ತಗಡು ನಡುಗಿ ಸದ್ದು ಬರುತ್ತದೆ. ಆ ಪಾಯಿಂಟನ್ನು ಹೊಂದಿಸುವ ಸ್ಕ್ರೂ ಇದು. ಮೊದಲಿದ್ದ ಜಾಗಕ್ಕೆ ಗುರುತು ಹಾಕಿ, ಕಾಲು ಸುತ್ತಿಗಿಂತ ಜಾಸ್ತಿ ತಿರುಗಿಸದೆ ಕೇಳುತ್ತಾ ಹೋಗಿ. ದನಿ ಬರೀ ತೆಳುವಾಗಿದ್ದರೆ ಜೋಡಿ ಹಾರ್ನ್‌ನಲ್ಲಿ ಒಂದು ಸತ್ತಿರಬಹುದು.

ಒಂದು ಮಾತ್ರ ಮುಟ್ಟಬೇಡಿ: ಏರ್‌ಬ್ಯಾಗ್ ಇರುವ ಸ್ಟೀರಿಂಗ್. ಏರ್‌ಬ್ಯಾಗ್ ದೀಪ ಉರಿಯುತ್ತಾ, ಸ್ಟೀರಿಂಗ್ ಮೇಲಿನ ಬಟನ್‌ಗಳೂ ಕೆಲಸ ಮಾಡದಿದ್ದರೆ ಕ್ಲಾಕ್ ಸ್ಪ್ರಿಂಗ್, ಅಂದರೆ ತಿರುಗುವ ಸ್ಟೀರಿಂಗ್‌ಗೆ ಕರೆಂಟು ಒಯ್ಯುವ ಸುರುಳಿ ಪಟ್ಟಿ, ಹೋಗಿರಬಹುದು. ಅದು ಗ್ಯಾರೇಜಿನ ಕೆಲಸ, ಏರ್‌ಬ್ಯಾಗ್ ಮುಖಕ್ಕೇ ಸಿಡಿದೀತು. ಹಾರ್ನ್ ನಿಲ್ಲದೆ ಬಡಿದುಕೊಳ್ಳುತ್ತಿದ್ದರೆ ಸದ್ಯಕ್ಕೆ ರಿಲೇ ಕಿತ್ತಿಡಿ, ಬೀದಿಯವರು ಬೈಯುವುದು ನಿಲ್ಲುತ್ತದೆ.

ಹೊಸದು ತರಲೇಬೇಕಾದರೆ 12 ವೋಲ್ಟಿನದ್ದು ಅಂತ ಕೇಳಿ, ದೊಡ್ಡ ಲಾರಿಗಳದ್ದು 24. ಅಂಗಡಿಯಲ್ಲಿ ರಾಗ ಎಳೆಯುವ ಹಾರ್ನ್ ತೋರಿಸಿದರೆ ಬೇಡ ಅನ್ನಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 119ನೆಯದು ಅದಕ್ಕೆ ಒಪ್ಪುವುದಿಲ್ಲ. ಕುರಿಗಳೂ ಹಾಡಿಗೆ ದಾರಿ ಬಿಡುವುದಿಲ್ಲ.