ಹಳಿಗೆ ಬೆನ್ನು ಹಾಕಿದ ಕೋಣೆ

ಆಸ್ಪತ್ರೆಗಳ ಸ್ಕ್ಯಾನಿಂಗ್ ಯಂತ್ರಗಳ ದುರಸ್ತಿ ನನ್ನ ಕೆಲಸ. ಹಗಲು ಹೊತ್ತು ಯಂತ್ರ ರೋಗಿಗಳಿಗೆ ಬೇಕು, ಹಾಗಾಗಿ ನನ್ನ ಕೈಗೆ ಅದು ಸಿಗುವುದು ಹೆಚ್ಚಾಗಿ ರಾತ್ರಿಯೇ. ಕೆಲಸ ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು ಹೇಳಲಾಗುವುದಿಲ್ಲ. ಮರಳುವ ರೈಲಿನ ಸಮಯವಂತೂ ನಿಗದಿಯಾಗಿರುತ್ತದೆ. ಅದಕ್ಕಾಗಿ ದೊಡ್ಡ ರೈಲು ನಿಲ್ದಾಣದ ಪಕ್ಕದಲ್ಲಿರುವ, ಕೆಲಸದ ಮೇಲೆ ಬರುವವರು ಇಳಿದುಕೊಳ್ಳುವ ಮಧ್ಯಮ ದರ್ಜೆಯ ಹೋಟೆಲುಗಳನ್ನೇ ಹುಡುಕುತ್ತೇನೆ. ಅಲ್ಲಿ ನಾವು ಹಣ ಕೊಡುವುದು ಓಡಾಟದಲ್ಲಿ ಉಳಿಯುವ ಸಮಯಕ್ಕೆ ಮತ್ತು ಮಲಗಿದಾಗ ಬರುವ ನಿದ್ದೆಗೆ. ಇವೆರಡರಲ್ಲಿ ನಿದ್ದೆ ತಾನಾಗಿ ಸಿಗುವುದಿಲ್ಲ, ಕೇಳಿ ಪಡೆಯಬೇಕು. ಯಾವ ಹೋಟೆಲು ಎನ್ನುವುದಕ್ಕಿಂತ ಆ ಹೋಟೆಲಿನ ಯಾವ ಕೋಣೆ ಎನ್ನುವುದು ಮುಖ್ಯ ಎಂಬುದು ನನ್ನ ಖಚಿತ ಅಭಿಪ್ರಾಯ.

ಸಮಯದ ಮಾತನ್ನು ಬೇಗ ಮುಗಿಸುತ್ತೇನೆ. ‘ನಿಲ್ದಾಣದಿಂದ 300 ಮೀಟರ್’ ಎಂದು ಬರೆದಿದ್ದರೆ ಅದು ಹಕ್ಕಿ ಹಾರುವ ದೂರವೋ ಮನುಷ್ಯ ನಡೆಯುವ ದೂರವೋ ಎಂದು ನೋಡುತ್ತೇನೆ. ದೊಡ್ಡ ನಿಲ್ದಾಣಕ್ಕೆ ಸಾಮಾನ್ಯವಾಗಿ ಎರಡು ಮುಖ. ನಡುವೆ ಸಾಲು ಸಾಲು ಹಳಿಗಳು. ಹೋಟೆಲು ಹಿಂಬದಿಯಲ್ಲಿದ್ದು ನಮ್ಮ ರೈಲು ಮುಂಬದಿಯಲ್ಲಿ ನಿಂತರೆ ಉಪಕರಣಗಳ ಭಾರದ ಚೀಲ ಹೊತ್ತು ಮೇಲ್ಸೇತುವೆಯ ಮೆಟ್ಟಿಲು ಹತ್ತಿ ಇಳಿಯಬೇಕು. ಹಿಂಬಾಗಿಲು ರಾತ್ರಿ ಮುಚ್ಚಿದ್ದರೆ ಇಡೀ ನಿಲ್ದಾಣವನ್ನು ಸುತ್ತಿ ಬರಬೇಕು. ಆದ್ದರಿಂದ ಕೋಣೆಯ ಚಿತ್ರಗಳಿಗಿಂತ ಮೊದಲು ಉಪಗ್ರಹ ನಕ್ಷೆಯನ್ನು ತೆರೆಯುತ್ತೇನೆ.

ಅದೇ ನಕ್ಷೆ ನಿದ್ದೆಯ ವಿಷಯದಲ್ಲೂ ಕೆಲಸಕ್ಕೆ ಬರುತ್ತದೆ. ಸದ್ದು ಬೇಡವೆಂದರೆ ನಿಲ್ದಾಣದಿಂದ ಇನ್ನಷ್ಟು ದೂರ ಹೋಗಬೇಕು ಎಂದು ಬಹಳ ಜನ ಭಾವಿಸುತ್ತಾರೆ. ಒಂದೇ ಕಡೆ ನಿಂತು ಸದ್ದು ಮಾಡುವ ವಸ್ತುವಿನಿಂದ ಎರಡರಷ್ಟು ದೂರ ಹೋದರೆ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಆದರೆ ರೈಲು ಉದ್ದನೆಯ ಸಾಲು. ಅದರ ಸಮೀಪದಲ್ಲಿ ದೂರ ಎರಡರಷ್ಟಾದರೂ ಇಳಿಯುವುದು ಸುಮಾರು 3 ಡೆಸಿಬೆಲ್ ಮಾತ್ರ. ಕಿವಿಗೆ ಸದ್ದು ಅರ್ಧವಾಯಿತು ಅನ್ನಿಸಬೇಕಾದರೆ 10 ಡೆಸಿಬೆಲ್‌ನಷ್ಟು ಇಳಿಯಬೇಕು. ಅಂದರೆ 100 ಮೀಟರ್ ಬದಲು 200 ಮೀಟರ್ ದೂರದ ಹೋಟೆಲು ಹಿಡಿದು ಹಳಿಯ ಕಡೆಗೇ ಕಿಟಕಿ ಇರುವ ಕೋಣೆ ಪಡೆದರೆ ಹೇಳಿಕೊಳ್ಳುವಂಥ ಲಾಭವಿಲ್ಲ. ಅದರ ಬದಲು ಹತ್ತಿರದ ಹೋಟೆಲಿನಲ್ಲೇ ಹಳಿಗೆ ಬೆನ್ನು ಹಾಕಿದ ಕೋಣೆ ಹಿಡಿದರೆ ಇಡೀ ಕಟ್ಟಡವೇ ನಮಗೂ ರೈಲಿಗೂ ನಡುವೆ ಗೋಡೆಯಾಗಿ ನಿಲ್ಲುತ್ತದೆ. ನಕ್ಷೆಯಲ್ಲಿ ಕಟ್ಟಡದ ಯಾವ ಮಗ್ಗುಲು ಹಳಿಗೆ ಎದುರಾಗಿದೆ ಎಂದು ನೋಡಿ ಗುರುತು ಹಾಕಿಕೊಳ್ಳುತ್ತೇನೆ.

ಮೇಲಿನ ಮಹಡಿ ಶಾಂತವಾಗಿರುತ್ತದೆ ಎಂಬ ಮಾತೂ ಎಲ್ಲ ಕಡೆ ನಿಜವಲ್ಲ. ಕೆಳಗಿನ ಮಹಡಿಗಳಿಗೆ ಕಾಂಪೌಂಡ್ ಗೋಡೆ, ಪ್ಲಾಟ್‌ಫಾರಂ ಚಾವಣಿಗಳ ಮರೆ ಇರಬಹುದು; ಮೇಲೆ ಹೋದಂತೆ ಹಳಿ ನೇರವಾಗಿ ಕಾಣುತ್ತದೆ. ಹಳಿ ಕಂಡರೆ ಸದ್ದೂ ಬರುತ್ತದೆ. ನೆಲದ ಮೂಲಕ ಬರುವ ಕಂಪನದ ಲೆಕ್ಕವೇ ಬೇರೆ. ಸುರಂಗದಲ್ಲಿ ಓಡುವ ರೈಲಿನ ಮೇಲೆ ಅಥವಾ ಪಕ್ಕದಲ್ಲಿ ಹೋಟೆಲಿದ್ದರೆ ಗುಂಯ್ ಎನ್ನುವ ಸದ್ದು ಗೋಡೆ ಮಂಚಗಳಿಂದಲೇ ಹೊರಟಂತೆ ಕೇಳುತ್ತದೆ. ಮಹಡಿ ಏರಿದಂತೆ ಇದು ಸಾಮಾನ್ಯವಾಗಿ ತಗ್ಗುತ್ತದೆ. ಅಲ್ಲಿ ಮಾತ್ರ ಮೇಲಿನ ಕೋಣೆ ಕೇಳುತ್ತೇನೆ.

ಬುಕಿಂಗ್ ಆದ ಮೇಲೆ ಹೋಟೆಲಿಗೆ ಫೋನ್ ಮಾಡುವುದನ್ನು ಎಂದೂ ಬಿಡುವುದಿಲ್ಲ. ಯಾರಿಗೆ ಯಾವ ಕೋಣೆ ಎಂಬುದು ಸಾಮಾನ್ಯವಾಗಿ ನಿರ್ಧಾರವಾಗುವುದು ನಾವು ಹೋಗುವ ದಿನ ಅಥವಾ ಅದರ ಹಿಂದಿನ ಸಂಜೆ. ಬುಕಿಂಗ್ ಮಾಡುವಾಗ ‘ಶಾಂತ ಕೋಣೆ ಬೇಕು’ ಎಂದು ಬರೆದದ್ದು ಅಷ್ಟರಲ್ಲಿ ಮೂಲೆ ಸೇರಿರುತ್ತದೆ. ಆದ್ದರಿಂದ ಅದೇ ದಿನ ಬೆಳಿಗ್ಗೆ ಕರೆ ಮಾಡಿ, ಬೇಕಾದದ್ದನ್ನು ಬಿಡಿಸಿ ಹೇಳುತ್ತೇನೆ.

“ಹಳಿಯ ಕಡೆ ಕಿಟಕಿ ಬೇಡ, ಲಿಫ್ಟ್ ಪಕ್ಕದ್ದೂ ಬೇಡ. ಪಕ್ಕದ ಕೋಣೆಗೆ ತೆರೆಯುವ ಒಳಬಾಗಿಲು ಇರಬಾರದು.”

“ಒಳಬದಿಯ ಕೋಣೆಗಳಿವೆ ಸರ್. ಆದರೆ ಕಿಟಕಿ ತೆರೆದರೆ ಎದುರಿಗೆ ಗೋಡೆ ಮಾತ್ರ ಕಾಣುತ್ತದೆ.”

“ಗೋಡೆಯಿರಲಿ, ನಾನು ಬೆಳಿಗ್ಗೆ ಬಂದು ಮಲಗುವವನು.”

ಕಾರಣ ತಿಳಿದರೆ ಆ ಕಡೆಯವರಿಗೂ ಕೆಲಸ ಸುಲಭ. ಒಳಬಾಗಿಲಿನ ಮಾತನ್ನು ಮರೆಯಬೇಡಿ. ಒಂದೇ ಕುಟುಂಬ ಎರಡು ಕೋಣೆ ಹಿಡಿದಾಗ ಅನುಕೂಲವಾಗಲೆಂದು ಇಡುವ ಆ ಬಾಗಿಲಿನ ಸಂದಿಯಿಂದ ಪಕ್ಕದವರ ಟಿ.ವಿ., ಫೋನ್ ಮಾತು ಎಲ್ಲವೂ ನಮ್ಮ ತಲೆದಿಂಬಿನವರೆಗೆ ಬರುತ್ತವೆ.

ಕೋಣೆಯ ಕೀ ಕೈಗೆ ಬಂದ ಮೇಲೂ ಚೀಲವನ್ನು ಕೂಡಲೇ ಬಿಚ್ಚುವುದಿಲ್ಲ. ಮೊದಲು ಕಿಟಕಿಯ ಬಳಿ ಹೋಗುತ್ತೇನೆ. ಚಿಲಕ ಹಾಕಿ, ಚೌಕಟ್ಟಿನ ಸುತ್ತ ಇರುವ ರಬ್ಬರ್ ಪಟ್ಟಿಯ ಮೇಲೆ ಬೆರಳು ಆಡಿಸುತ್ತೇನೆ. ಎಲ್ಲಾದರೂ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ, ಮೂಲೆಯಲ್ಲಿ ತಣ್ಣಗೆ ಗಾಳಿ ಬೆರಳಿಗೆ ತಾಗಿದರೆ, ಗಾಜು ಎಷ್ಟೇ ದಪ್ಪವಿರಲಿ, ಪ್ರಯೋಜನವಿಲ್ಲ. ಗಾಳಿ ನುಗ್ಗುವಲ್ಲಿ ಸದ್ದೂ ನುಗ್ಗುತ್ತದೆ. ಆಮೇಲೆ ದೀಪ ಆರಿಸಿ, ಮಂಚದ ತಲೆಯ ಕಡೆ ಕುಳಿತು ಒಂದು ರೈಲು ಹೋಗುವವರೆಗೆ ಕಾಯುತ್ತೇನೆ. ಸರಿಯಿಲ್ಲ ಅನ್ನಿಸಿದರೆ ಹಾಸಿಗೆಯನ್ನು ಮುಟ್ಟದೆ ಕೆಳಗೆ ಹೋಗಿ ಬೇರೆ ಕೋಣೆ ಕೇಳುತ್ತೇನೆ. ಹಾಸಿಗೆ ಕೆಡದ ಕೋಣೆಯನ್ನು ಮತ್ತೊಬ್ಬರಿಗೆ ಕೊಡಬಹುದಾದ್ದರಿಂದ ಬದಲಾಯಿಸಿಕೊಡಲು ಅವರು ಹೆಚ್ಚು ಯೋಚಿಸುವುದಿಲ್ಲ.

ಒಂದೇ ರಾತ್ರಿಗೆ ಇಷ್ಟೆಲ್ಲ ಏಕೆ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಒಂದೇ ರಾತ್ರಿ ಎಂಬುದೇ ಕಾರಣ. ಹೊಸ ಜಾಗದ ಮೊದಲ ನಿದ್ದೆಯಲ್ಲಿ ಮಿದುಳಿನ ಎಡಭಾಗ ಬಲಭಾಗಕ್ಕಿಂತ ಹೆಚ್ಚು ಎಚ್ಚರವಾಗಿದ್ದು, ಅಪರಿಚಿತ ಸದ್ದಿಗೆ ಬೇಗ ಸ್ಪಂದಿಸುತ್ತದೆ ಎಂದು ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ತೋರಿಸಿದರು. ನಮ್ಮಂಥವರಿಗೆ ಹೋಟೆಲಿನ ಪ್ರತಿ ರಾತ್ರಿಯೂ ಮೊದಲ ರಾತ್ರಿಯೇ. ರೈಲಿನ ಸದ್ದು ರಾತ್ರಿ ಸರಾಸರಿ 44 ಡೆಸಿಬೆಲ್‌ಗಿಂತ ಕಡಿಮೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಯುರೋಪಿಗಾಗಿ ಹೊರತಂದ ಮಾರ್ಗಸೂಚಿ ಹೇಳುತ್ತದೆ. ಅದು ಕಟ್ಟಡದ ಹೊರಗಿನ, ವರ್ಷದ ಸರಾಸರಿ. ನಮ್ಮನ್ನು ಎಬ್ಬಿಸುವುದು ಸರಾಸರಿಯಲ್ಲ. ನಡುರಾತ್ರಿ ಒಮ್ಮೆಗೇ ಕೂಗುವ ಎಂಜಿನ್, ಢಣ್ ಎಂದು ಮುಚ್ಚುವ ಬಾಗಿಲು. ಅದಕ್ಕೇ ಎ.ಸಿ.ಯ ಫ್ಯಾನನ್ನು ಒಂದೇ ವೇಗದಲ್ಲಿ ಬಿಟ್ಟು ಮಲಗುತ್ತೇನೆ. ಆ ಸಮನಾದ ಸದ್ದಿನೊಳಗೆ ಸಣ್ಣಪುಟ್ಟ ಸದ್ದುಗಳು ಕರಗಿಹೋಗುತ್ತವೆ. ಕಿವಿಗೆ ಸ್ಪಂಜಿನ ಬಿರಡೆಯನ್ನೂ ಇಟ್ಟುಕೊಳ್ಳುತ್ತೇನೆ. ಮಾತಿನ ಸದ್ದನ್ನು ಅದು ಚೆನ್ನಾಗಿ ತಡೆಯುತ್ತದೆ, ಗೂಡ್ಸ್ ರೈಲಿನ ಗುಡುಗನ್ನು ಅಷ್ಟಾಗಿ ತಡೆಯುವುದಿಲ್ಲ.

ಹಗಲು ಮಲಗುವವರು ಬಾಗಿಲಿಗೆ ‘ತೊಂದರೆ ಕೊಡಬೇಡಿ’ ಎಂಬ ಫಲಕ ತೂಗುಹಾಕಿದರೆ ಸಾಲದು. ಆ ಮಹಡಿಯನ್ನು ಶುಚಿ ಮಾಡುವವರನ್ನು ಕಂಡು, ನನ್ನ ಕೋಣೆಯನ್ನು ಮಧ್ಯಾಹ್ನದ ನಂತರ ಮಾಡಿದರೆ ಸಾಕು ಎಂದು ಬಾಯಿಬಿಟ್ಟು ಹೇಳುತ್ತೇನೆ. ಅವರು ಅಕ್ಕಪಕ್ಕದ ಕೋಣೆಗಳ ಸದ್ದನ್ನೂ ತಗ್ಗಿಸಿ ಕೆಲಸ ಮಾಡಿದ್ದನ್ನು ಕಂಡಿದ್ದೇನೆ. ಅಂಥವರಿಗೆ ಹೊರಡುವಾಗ ಹೇಳಿಯೇ ಹೊರಡುತ್ತೇನೆ.

ನಸುಕಿನ ರೈಲಿಗೆ ಬಂದಿಳಿಯುವವರಿಗೆ ಒಂದು ಮಾತು. ಚೆಕ್‌ಇನ್ ಸಾಮಾನ್ಯವಾಗಿ ಮಧ್ಯಾಹ್ನ. ಬೆಳಗಿನ ಐದು ಗಂಟೆಗೇ ಹಾಸಿಗೆ ಬೇಕಾದರೆ ಹಿಂದಿನ ರಾತ್ರಿಯಿಂದಲೇ ಕೋಣೆ ಹಿಡಿಯುವುದು ಒಂದು ದಾರಿ. ಆದರೆ ಎಷ್ಟು ಗಂಟೆಗೆ ಬರುತ್ತೇವೆ ಎಂದು ಹೋಟೆಲಿಗೆ ಮೊದಲೇ ತಿಳಿಸಬೇಕು. ಇಲ್ಲವಾದರೆ ರಾತ್ರಿ ನಾವು ಬರಲಿಲ್ಲವೆಂದು ಬುಕಿಂಗ್ ರದ್ದಾಗುವ ಸಂಭವವಿದೆ, ಮುಂದಿನ ದಿನಗಳದ್ದೂ ಅದರ ಜೊತೆಗೇ ಹೋಗಬಹುದು. ಬೇಗ ಹೊರಡುವುದಿದ್ದರೆ ಬಿಲ್ಲನ್ನು ಹಿಂದಿನ ರಾತ್ರಿಯೇ ಕಂಪನಿಯ ಹೆಸರಿನಲ್ಲಿ ಸಿದ್ಧಪಡಿಸಿಕೊಳ್ಳುವುದು ಒಳ್ಳೆಯದು. ಬೆಳಿಗ್ಗೆ ಕೌಂಟರಿನಲ್ಲಿ ಎಲ್ಲರಿಗೂ ರೈಲಿನದ್ದೇ ಅವಸರ.

ನಿದ್ದೆ ಚೆನ್ನಾಗಿ ಬಂದ ಕೋಣೆಯ ಸಂಖ್ಯೆಯನ್ನು ಹೋಟೆಲಿನ ಹೆಸರಿನ ಜೊತೆ ಮೊಬೈಲ್‌ನಲ್ಲಿ ಬರೆದಿಟ್ಟುಕೊಳ್ಳುತ್ತೇನೆ. ಮುಂದಿನ ಸಲ ಅದನ್ನೇ ಕೇಳುತ್ತೇನೆ. ಅದು ಖಾಲಿ ಇಲ್ಲದಿದ್ದರೆ ಅದರ ನೇರ ಮೇಲಿನದ್ದೋ ಕೆಳಗಿನದ್ದೋ ಆಗಬಹುದು. 412 ಸಿಗದಿದ್ದರೆ 312 ಅಥವಾ 512. ಇಂಥ ಹೋಟೆಲುಗಳಲ್ಲಿ ಒಂದೇ ಸಾಲಿನ ಕೋಣೆಗಳ ಕಿಟಕಿ ಸಾಮಾನ್ಯವಾಗಿ ಒಂದೇ ದಿಕ್ಕಿಗೆ ಇರುತ್ತದೆ, ಲಿಫ್ಟಿನಿಂದ ಇರುವ ದೂರವೂ ಅಷ್ಟೇ ಇರುತ್ತದೆ.