ಮಾರಿಸ್ ಮೈನರ್‌ಗೆ ಪದ್ಮಿನಿ ರಿಮ್ಮು: ನನ್ನ ಅನುಭವ

ನನ್ನ 1959ರ ಇಂಗ್ಲಿಷ್ ಕಾರು ಮಾರಿಸ್ ಮೈನರ್ 1000 ಈಗ ಪ್ರೀಮಿಯರ್ ಪದ್ಮಿನಿ ಕಾರಿನ ರಿಮ್ಮಿನ ಮೇಲೆ ಓಡುತ್ತಿದೆ. ಬೆಂಗಳೂರಿನ ನೈಸ್ ರಸ್ತೆಯಲ್ಲಿ 70 ದಾಟಿದರೂ ಸ್ಟೀರಿಂಗ್ ನಡುಗುವುದಿಲ್ಲ. "ಆಗಲ್ಲ ಬಿಡಿ ಸಾರ್" ಅಂದವರೇ ಈಗ ಬಗ್ಗಿ ನೋಡಿ, ಯಾರು ಮಾಡಿಕೊಟ್ಟಿದ್ದು ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಹಳೆ ಚಕ್ರಗಳಲ್ಲಿ ಡಿಸ್ಕ್, ಅಂದರೆ ಬೋಲ್ಟ್ ತೂತಿರುವ ನಡುವಿನ ತಟ್ಟೆ, ಗಟ್ಟಿಯಾಗಿಯೇ ಇತ್ತು. ಹೋಗಿದ್ದು ಹೊರಗಿನ ರಿಮ್ಮು. ಟೈರ್ ಕೂರುವ ಜಾಗವೆಲ್ಲ ತುಕ್ಕು ತಿಂದು ಗುಳಿ ಬಿದ್ದಿತ್ತು. ಆ ಚಕ್ಕೆಗಳು ಚುಚ್ಚಿ ಟ್ಯೂಬ್ ಮೇಲೆ ಟ್ಯೂಬ್ ಹಾಳಾಗುತ್ತಿತ್ತು. ಇಂಗ್ಲೆಂಡಿನಿಂದ ತರಿಸೋಣ ಅಂದರೆ ಚಕ್ರದ ಬೆಲೆಗಿಂತ ಸಾಗಣೆ ಮತ್ತು ಸುಂಕವೇ ಜಾಸ್ತಿ. ಒಂದಕ್ಕೆ ಹೆಚ್ಚುಕಡಿಮೆ 15,000 ಆಗುತ್ತಿತ್ತು. ಐದು ಬೇಕು, ಲೆಕ್ಕ ನೀವೇ ಹಾಕಿ.

ಬಿಡಿಭಾಗದ ಅಂಗಡಿಗಳ ಜೆ.ಸಿ. ರಸ್ತೆಗೆ ಹೋದರೆ ಎಲ್ಲರದೂ ಒಂದೇ ಮಾತು: "ನಾಲ್ಕು ಬೋಲ್ಟ್ ತಾನೇ ಸಾರ್, ಸ್ವಿಫ್ಟ್‌ದು ಹಾಕ್ಕೊಳ್ಳಿ." ಸ್ವಿಫ್ಟ್ ಪಿಸಿಡಿ (ಬೋಲ್ಟ್ ತೂತುಗಳ ನಡು ಸೇರಿಸಿ ಎಳೆದ ವೃತ್ತದ ವ್ಯಾಸ) 100 ಮಿಮೀ. ಮೈನರ್‌ದು 4 ಇಂಚು, ಅಂದರೆ 101.6. ವ್ಯತ್ಯಾಸ ಒಂದೂವರೆ ಮಿಲಿಮೀಟರ್ ಅಷ್ಟೇ ಅಲ್ವಾ ಅನಿಸುತ್ತದೆ. ಮೋಸ ಇರುವುದೇ ಅಲ್ಲಿ. ನಮ್ಮ ಸ್ಟಡ್ (ಚಕ್ರ ಸಿಕ್ಕಿಸುವ ಬೋಲ್ಟ್) ಬರೀ 3/8 ಇಂಚು, ಸ್ವಿಫ್ಟ್ ಚಕ್ರದ ತೂತು 12 ಮಿಮೀ ಸ್ಟಡ್‌ಗೆ ಮಾಡಿದ್ದು. ಹಾಗಾಗಿ ಚಕ್ರ ಸಲೀಸಾಗಿ ಒಳಗೆ ಹೋಗುತ್ತದೆ, ಅಂಗಡಿಯವನು ಗೆದ್ದೆ ಅಂತ ನಗುತ್ತಾನೆ. ನಟ್ಟು ಬಿಗಿದಾಗ ಅದರ ಕೋನ್ ಆಕಾರದ ಮೂತಿ ತೂತಿನ ಒಂದೇ ಮಗ್ಗುಲಿಗೆ ಒರಗುತ್ತದೆ, ಇನ್ನೊಂದು ಮಗ್ಗುಲಲ್ಲಿ ಬೆಳಕು ಕಾಣುತ್ತದೆ. ಹಾಗೇ ಓಡಿಸಿದರೆ ನಟ್ಟು ಸಡಿಲವಾಗುತ್ತದೆ, ಇಲ್ಲವೇ ಸ್ಟಡ್ ಮುರಿಯುತ್ತದೆ. ಎದುರುಬದುರು ಸ್ಟಡ್ ಅಳೆಯಲು ಚಕ್ರ ಕೂರುವ ಹಬ್‌ನ ಮೂತಿ ಅಡ್ಡ ಬಂದರೆ ಪಕ್ಕಪಕ್ಕದ್ದನ್ನು ಅಳೆಯಿರಿ. ನಡುವಿನಿಂದ ನಡುವಿಗೆ 71.8 ಬಂದರೆ 4 ಇಂಚು, 70.7 ಬಂದರೆ 100 ಮಿಮೀ. ವರ್ನಿಯರ್ ಇಲ್ಲದೆ ಟೇಪ್ ಹಿಡಿದು ಹೇಳುವವರನ್ನು ನಂಬಬೇಡಿ.

ಆಫ್‌ಸೆಟ್, ಅಂದರೆ ಚಕ್ರ ಹಬ್ ಮೇಲೆ ಎಷ್ಟು ಒಳಕ್ಕೆ ಅಥವಾ ಹೊರಕ್ಕೆ ಕೂರುತ್ತದೆ ಅನ್ನುವುದು, ಇನ್ನೊಂದು ತಲೆನೋವು. ಈಗಿನ ಮುಂಗಾಲಿ ಡ್ರೈವ್ ಕಾರುಗಳ ಚಕ್ರ ತುಂಬಾ ಒಳಕ್ಕೆ ಸರಿದು ಕೂರುತ್ತದೆ. ಸ್ವಿಫ್ಟ್ ಚಕ್ರ ಹಾಕಿ ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಟೈರ್ ಒಳಗಡೆ ಉಜ್ಜಿತು. ಅದಕ್ಕೆ ಹಬ್‌ಗೂ ಚಕ್ರಕ್ಕೂ ನಡುವೆ ಕೂರುವ ಅಲ್ಯೂಮಿನಿಯಂ ಅಡಾಪ್ಟರ್ ಮಾಡಿಸಿದೆ, 25 ಮಿಮೀ ದಪ್ಪ, ನಾಲ್ಕಕ್ಕೂ ಸೇರಿ 9,000 ಚಿಲ್ಲರೆ. ಪಿಸಿಡಿ ಸರಿಹೋಯಿತು, ಆಫ್‌ಸೆಟ್ಟೂ ಹತ್ತಿರ ಬಂತು. ಆದರೆ ಒಳಗಿನ ನಟ್ಟು ಬಿಗಿ ಇದೆಯಾ ನೋಡಬೇಕಾದರೆ ಪ್ರತಿಸಲ ಚಕ್ರವನ್ನೇ ಬಿಚ್ಚಬೇಕು. 165 ಮಿಮೀ ಅಗಲದ ಟೈರ್ ಹಿಂದಿನ ಮಡ್‌ಗಾರ್ಡ್ ಒಳಗಿಂದ ಈಚೆ ಬರಲು ಒಪ್ಪುವುದಿಲ್ಲ. ಎಮ್ ಅಕ್ಷರದ ಹಬ್ ಕ್ಯಾಪ್ ಕೂರುವುದೇ ಇಲ್ಲ. ಕ್ಯಾಪ್ ಇಲ್ಲದ ಮೈನರ್ ಕುಂಕುಮ ಇಲ್ಲದ ಹಣೆಯ ಹಾಗೆ, ನನಗೆ ನೋಡಲಾಗಲಿಲ್ಲ. ಆ ಅಡಾಪ್ಟರ್‌ಗಳು ಈಗ ಪೇಪರ್ ವೇಟ್.

ಬುದ್ಧಿ ಹೊಳೆದಿದ್ದು ಟೈರ್ ಅಂಗಡಿಯಲ್ಲಿ. ಪದ್ಮಿನಿಗೆ ಬರುವ ಟೈರ್ 5.20-14, ಅಂದರೆ 14 ಇಂಚಿನ ರಿಮ್ಮಿನದು. ಮೈನರ್‌ದೂ 14 ಇಂಚೇ, ನಂತರದ ಮಾಡೆಲ್‌ಗಳಿಗೆ ಕಂಪನಿಯವರೇ ಇದೇ 5.20-14 ಹಾಕಿದ್ದರು. ಪದ್ಮಿನಿಯ ಬೋಲ್ಟ್ ತೂತು ನಮ್ಮ ಹಬ್‌ಗೆ ಕೂರುವುದಿಲ್ಲ, ನಿಜ. ನನಗೆ ತೂತು ಯಾಕೆ ಬೇಕು? ನನ್ನ ಡಿಸ್ಕ್ ಚೆನ್ನಾಗಿದೆ, ಪದ್ಮಿನಿಯ ರಿಮ್ಮು ಚೆನ್ನಾಗಿದೆ. ಎರಡನ್ನೂ ಕೂಡಿಸಿದರಾಯಿತು. ಪಿಸಿಡಿ, ಹಬ್ ಕ್ಯಾಪ್ ಕ್ಲಿಪ್ಪು ಎಲ್ಲ ಮೂಲದ್ದೇ ಉಳಿಯುತ್ತದೆ, ಆಫ್‌ಸೆಟ್ ನಮ್ಮ ಕೈಯಲ್ಲಿರುತ್ತದೆ.

ನಮ್ಮ ಗ್ಯಾರೇಜಿನವರಿಗೆ ಹೇಳಿದೆ. "ಕೊಯ್ದು ಬೆಸುಗೆ ಹಾಕಿದ ಚಕ್ರದಲ್ಲಿ ಮನೆಯವರನ್ನ ಕೂರಿಸ್ತೀರಾ ಸಾರ್?" ಅಂದರು. ಈ ಕಾರೇ ಹುಟ್ಟುವಾಗ ಹಾಗೆ ಹುಟ್ಟಿದ್ದು ಸ್ವಾಮಿ ಅಂದೆ. ಇದನ್ನು ವಿನ್ಯಾಸ ಮಾಡಿದ ಅಲೆಕ್ ಇಸ್ಸಿಗೊನಿಸ್ ಮಾದರಿ ಕಾರನ್ನು ಉದ್ದಕ್ಕೆ ಕೊಯ್ಸಿ, 4 ಇಂಚು ಅಗಲ ಮಾಡಿಸಿದ್ದರು. ಬಾನೆಟ್ ನಡುವಿನ ಚಪ್ಪಟೆ ಪಟ್ಟಿ ಅದರದ್ದೇ ಗುರುತು. ಗ್ಯಾರೇಜಿನವರೇನೂ ಒಪ್ಪಲಿಲ್ಲ ಬಿಡಿ.

ಪದ್ಮಿನಿ ತಯಾರಿಕೆ ನಿಂತು 20 ವರ್ಷದ ಮೇಲಾಯಿತು, ಆದರೂ ಶಿವಾಜಿನಗರದ ಗುಜರಿಯಲ್ಲಿ ಚಕ್ರ ಸಿಗುತ್ತದೆ. ಒಂದಕ್ಕೆ 1,500 ಹೇಳಿದರು, 800ಕ್ಕೆ ಇಳಿಸಿದೆ. ಆರಿಸುವಾಗ ಚಪ್ಪಟೆ ಗ್ರಾನೈಟ್ ತುಂಡಿನ ಮೇಲೆ ಮಲಗಿಸಿ ಒತ್ತಿ. ಕುಣಿದರೆ ಬೇಡ. ಬಣ್ಣ ದಪ್ಪಗಿದ್ದರೆ ಕೆರೆದು ನೋಡಿ, ಒಳಗೆ ಪುಟ್ಟಿ ಸಿಗುತ್ತದೆ.

ಪೀಣ್ಯದ ಒಂದು ಲೇತ್‌ನಲ್ಲಿ ಕೆಲಸ. ಯಾವ ಲೇತ್ ಅಂತ ಕೇಳಬೇಡಿ, ಆಮೇಲೆ ನನಗೇ ಜಾಗ ಸಿಗುವುದಿಲ್ಲ. ಗ್ಯಾಸ್ ಕಟಿಂಗ್ ಬೇಡವೇ ಬೇಡ, ಡಿಸ್ಕ್ ಸೊಟ್ಟಗಾಗುತ್ತದೆ. ಲೇತ್‌ಗೆ ಕಟ್ಟಿ ಹಳೆ ಬೆಸುಗೆಯನ್ನೇ ಕೆರೆದು ಬಿಡಿಸಬೇಕು. ಪದ್ಮಿನಿ ರಿಮ್ಮಿನ ಒಳವ್ಯಾಸ ನಮ್ಮದಕ್ಕಿಂತ ಒಂದು ಮಿಲಿಮೀಟರ್ ಆಸುಪಾಸು ಕಡಿಮೆ ಇತ್ತು. ಡಿಸ್ಕ್ ಅಂಚನ್ನು ಸ್ವಲ್ಪ ಕೆತ್ತಿಸಿ, ಪ್ರೆಸ್‌ನಲ್ಲಿ ಬಿಗಿಯಾಗಿ ಕೂರಿಸಿದೆವು. ಸಡಿಲ ಕೂತರೆ ಬೆಸುಗೆ ಹಾಕಲೇಬಾರದು. ಆಮೇಲೆ ಓಲಾಟ ಅಳೆಯುವ ಡಯಲ್ ಗೇಜ್ ಇಟ್ಟು ತಿರುಗಿಸಿ, ಚುಕ್ಕೆ ಬೆಸುಗೆ ಹಾಕಿ, ಮತ್ತೆ ತಿರುಗಿಸಿ, ಎದುರುಬದುರು ತುಂಡು ತುಂಡಾಗಿ ಬೆಸುಗೆ. ಮೊದಲನೆಯ ಚಕ್ರ ಎರಡೂವರೆ ಮಿಲಿಮೀಟರ್ ಓಲಾಡಿತು, ಗುಜರಿಗೆ ಹೋಯಿತು. ಬೆಸುಗೆಯ ಬಿಸಿಗೆ ಡಿಸ್ಕ್ ಎಳೆಯದಂತೆ ಹಿಡಿಯಲು ಒಂದು ಉಪಾಯ ಇದೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ. ಆಮೇಲಿನವೆಲ್ಲ ಒಂದು ಮಿಲಿಮೀಟರ್ ಒಳಗೇ ಬಂದವು. ಕೊನೆಗೆ ಕೆಂಪು ಬಣ್ಣ ಬಳಿದು ಒರೆಸಿ ಬಿಳಿ ಡೆವಲಪರ್ ಹೊಡೆಯುವ ಬಿರುಕು ಪರೀಕ್ಷೆ. ಒಂದು ಡಿಸ್ಕ್‌ನ ಬೋಲ್ಟ್ ತೂತಿನ ಪಕ್ಕ ಕೂದಲೆಳೆಯಷ್ಟು ಕೆಂಪು ಗೆರೆ ಮೂಡಿತು. ಅದನ್ನು ಸ್ಟೆಪ್ನಿಗೂ ಇಟ್ಟುಕೊಳ್ಳಲಿಲ್ಲ. ಸ್ಟೆಪ್ನಿಗೆ ಇನ್ನೊಬ್ಬ ಮೈನರ್ ಮಾಲೀಕರು ಹಳೆ ಡಿಸ್ಕ್ ಕೊಟ್ಟರು.

ಮಧ್ಯೆ ಸುಮ್ನೆ ಒಂದು ಪ್ರಯೋಗ ಮಾಡಿದೆ. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ವಾಷಿಂಗ್ ಸೋಡಾ ನೀರು, ಬ್ಯಾಟರಿ ಚಾರ್ಜರ್, ಡಿಸ್ಕ್‌ಗೆ ನೆಗೆಟಿವ್, ಹಳೆ ಕಬ್ಬಿಣದ ತಗಡಿಗೆ ಪಾಸಿಟಿವ್. ರಾತ್ರಿಯಿಡೀ ಬಿಟ್ಟರೆ ತುಕ್ಕು ಕಪ್ಪು ಕೆಸರಾಗಿ ಬ್ರಷ್‌ಗೇ ಬರುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ತಟ್ಟೆ ಹಾಕಬೇಡಿ, ನೀರು ವಿಷವಾಗುತ್ತದೆ. ಬಯಲಲ್ಲೇ ಮಾಡಿ, ಹೈಡ್ರೋಜನ್ ಏಳುತ್ತದೆ. ಮರಳು ಬ್ಲಾಸ್ಟಿಂಗ್‌ಗಿಂತ ಇದೇ ನನಗೆ ಹಿಡಿಸಿತು.

ಟ್ಯೂಬ್ ಹಾಕಿಯೇ ಓಡಿಸುತ್ತಿದ್ದೇನೆ. ಪಂಕ್ಚರ್ ಅಂಗಡಿಯಲ್ಲಿ ನಟ್ಟು ಬಿಗಿಯುವ ಗಾಳಿ ಗನ್ ಹತ್ತಿರ ಬಿಡಬೇಡಿ, 3/8 ಸ್ಟಡ್ ಪಟ್ ಅಂತ ಮುರಿಯುತ್ತದೆ. ಮೊದಲ 100 ಕಿಲೋಮೀಟರ್ ಆದ ಮೇಲೆ ನಟ್ಟುಗಳನ್ನು ಸ್ಪ್ಯಾನರ್ ಹಿಡಿದು ಕೈಯಲ್ಲೇ ಮತ್ತೊಮ್ಮೆ ಬಿಗಿಯಿರಿ. ಐದು ಚಕ್ರಕ್ಕೆ ಟೈರ್ ಬಿಟ್ಟು 20,000 ಮೇಲೆ ಸ್ವಲ್ಪ ಆಯಿತು. ಅಡಾಪ್ಟರ್ ದುಡ್ಡು ಇದರಲ್ಲಿ ಸೇರಿಸಿಲ್ಲ, ಮನೆಯಲ್ಲೂ ಹೇಳಿಲ್ಲ.

ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು ಇಟ್ಟುಕೊಂಡಿರುವ ಇಬ್ಬರು ನಮಗೂ ಆಗುತ್ತಾ ಅಂತ ಕೇಳಿದ್ದಾರೆ. ನಿಮ್ಮದು 13 ಇಂಚು, ಪಿಸಿಡಿ 95.25. ಪದ್ಮಿನಿ ರಿಮ್ಮು ನಿಮಗಲ್ಲ. 13 ಇಂಚಿನ ಒಳ್ಳೆ ರಿಮ್ಮು ಸಿಕ್ಕರೆ ಒಂದು ಡಿಸ್ಕ್ ತನ್ನಿ, ಲೇತ್‌ಗೆ ಕಟ್ಟಿ ಅಳೆದು ನೋಡೋಣ.